ದಾದಾ ಕಲಿತ ಕನ್ನಡ, ನಾನು ಕಲಿತ ಫ್ರೆಂಚ್

ನಲವತ್ತೆರಡನೆಯ ವಯಸ್ಸಿನಲ್ಲಿ ನಾನು ಫ್ರೆಂಚ್ ಕಲಿಯಲು ಕುಳಿತಾಗ ಮನೆಯಲ್ಲಿ ಮೊದಲು ನಕ್ಕವನು ನನ್ನ ತಂಗಿಯ ಮಗ. "ಮಾಮೂ, ರಾಯಚೂರಿನಲ್ಲಿ ಫ್ರೆಂಚ್ ಯಾರ ಜೊತೆ ಮಾತಾಡ್ತೀರಿ? ತೀನ್ ಕಂದೀಲಿನ ಅಂಗಡಿಯವರ ಜೊತೆನಾ?" ಎಂದ. ನನ್ನ ಬಳಿ ಉತ್ತರವಿರಲಿಲ್ಲ. ಆದರೆ ಆ ನಗು ನನಗೆ ಇನ್ನೊಂದು ನಗುವನ್ನು ನೆನಪಿಸಿತು. ಹತ್ತು ವರ್ಷದ ಹುಡುಗನಾಗಿದ್ದಾಗ ನಾನೂ ಹೀಗೆಯೇ ನಕ್ಕಿದ್ದೆ, ನನ್ನ ದಾದಾನ ಹಳೆಯ ಕಾಪಿ ಪುಸ್ತಕವೊಂದನ್ನು ನೋಡಿ.

ಆ ಪುಸ್ತಕದಲ್ಲಿ ಅ, ಆ, ಇ, ಈ ಎಂದು ದಪ್ಪ ದಪ್ಪ ಅಕ್ಷರಗಳನ್ನು ತಿದ್ದಲಾಗಿತ್ತು. ಒಂದನೆಯ ತರಗತಿಯ ಮಗುವಿನ ಕೈಬರಹವೆಂದೇ ನಾನು ತಿಳಿದಿದ್ದೆ. ಮುಂದಿನ ಪುಟಗಳಲ್ಲಿ ಎಡದಿಂದ ಕನ್ನಡ ಪದ, ಬಲದಿಂದ ಅದರ ಉರ್ದು ಅರ್ಥ. ಎರಡೂ ಪುಟದ ನಡುವೆ ಬಂದು ಸೇರುತ್ತಿದ್ದವು. "ಇದು ಯಾರದು?" ಎಂದು ಕೇಳಿದೆ. "ನನ್ನದೇ" ಎಂದರು ದಾದಾ. "ಆಗ ನನಗೆ ನಲವತ್ತನಾಲ್ಕು."

ದಾದಾ ಮಾನ್ವಿ, ದೇವದುರ್ಗದ ಕಡೆ ಪೇಷ್ಕಾರರಾಗಿದ್ದವರು. ಉರ್ದುವಿನಲ್ಲಿ ಓದಿ, ಉರ್ದುವಿನಲ್ಲಿ ನೌಕರಿ ಹಿಡಿದು, ಉರ್ದುವಿನಲ್ಲೇ ಜಮೀನಿನ ದಫ್ತರಗಳನ್ನು ಬರೆದವರು. ಕನ್ನಡ ಮಾತನಾಡಲು ಅವರಿಗೆ ಬರುತ್ತಿತ್ತು. ಸಂತೆಯಲ್ಲಿ, ಹೊಲದ ಬದುವಿನಲ್ಲಿ, ರೈತರ ಜೊತೆ ಅವರಾಡುತ್ತಿದ್ದುದು ಕನ್ನಡವೇ. ಓದಲು, ಬರೆಯಲು ಮಾತ್ರ ಬರುತ್ತಿರಲಿಲ್ಲ. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಹೈದರಾಬಾದ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿತು. ಅವರು ಮತ್ತೆ ವಿದ್ಯಾರ್ಥಿಯಾದರು.

ನಮ್ಮ ಜಿಲ್ಲೆಗೆ ಭಾಷೆಗಳ ಬದಲಾವಣೆ ಹೊಸದಲ್ಲ. ಮಸ್ಕಿಯ ಬಂಡೆಯ ಮೇಲೆ ಅಶೋಕನ ಪ್ರಾಕೃತವಿದೆ. ರಾಯಚೂರು ಕೋಟೆಯ ಗೋಡೆಯಲ್ಲಿ ನಲವತ್ತು ಅಡಿಗೂ ಉದ್ದದ ಕಲ್ಲಿನ ಮೇಲೆ 1294ರ ತೆಲುಗು ಶಾಸನವಿದೆ. ಬಹಮನಿ ಕಾಲದ ಏಕ್ ಮಿನಾರ್ ಮಸೀದಿಯಲ್ಲಿ ಪಾರ್ಸಿ ಬರಹವಿದೆ. ಅರಸರು ಬದಲಾದಂತೆ ದಫ್ತರದ ಭಾಷೆ ಬದಲಾಯಿತು, ದಫ್ತರ ನೋಡಿಕೊಳ್ಳುವವರು ಹೊಸ ಅಕ್ಷರ ತಿದ್ದಿದರು. ನಿಜಾಮರ ಆಡಳಿತದಲ್ಲಿಯೂ ಬಹುಕಾಲ ಪಾರ್ಸಿಯೇ ಇತ್ತು. 1884ರಲ್ಲಿ ಅದರ ಸ್ಥಾನಕ್ಕೆ ಉರ್ದು ಬಂದಾಗ ಪಾರ್ಸಿಯಲ್ಲೇ ಪಳಗಿದ್ದ ಮುನ್ಷಿಗಳೂ ಹೊಸ ರೂಢಿಗೆ ಒಗ್ಗಬೇಕಾಯಿತು.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಜಿಲ್ಲೆಯ ಬಹುಪಾಲು ಜನರ ಮನೆಮಾತು ಕನ್ನಡವಾಗಿದ್ದರೂ ಕಚೇರಿ, ನ್ಯಾಯಾಲಯ ಮತ್ತು ಮೇಲಿನ ಶಾಲೆಗಳಲ್ಲಿ ಉರ್ದು ನಡೆಯುತ್ತಿತ್ತು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಭಾರತೀಯ ಭಾಷೆಯೊಂದರಲ್ಲಿ ವಿಜ್ಞಾನ, ವೈದ್ಯ, ಕಾನೂನುಗಳನ್ನು ಕಲಿಸಲು ಹೊರಟದ್ದು ದೊಡ್ಡ ಸಾಹಸವೇ. ಆದರೆ ಮಾನ್ವಿಯ ರೈತನ ಮಗನಿಗೆ ಆ ಭಾರತೀಯ ಭಾಷೆಯೂ ಪರಭಾಷೆಯೇ ಆಗಿತ್ತು. ಅವನೂ ಬಲದಿಂದ ಎಡಕ್ಕೆ ಬರೆಯಲು ಕಲಿತ. ಅವನನ್ನು ನೋಡಿ ಯಾರೂ ನಗಲಿಲ್ಲವೆಂದು ಹೇಳಲು ನನಗೆ ಧೈರ್ಯವಿಲ್ಲ. 1920ರ ಸುಮಾರಿಗೆ ಪಂಡಿತ ತಾರಾನಾಥರು ರಾಯಚೂರಿನಲ್ಲಿ ರಾಷ್ಟ್ರೀಯ ಶಾಲೆಯೊಂದನ್ನು ತೆರೆದು ಅದಕ್ಕೆ 'ಹಮ್‌ದರ್ದ್' ಎಂದು ಹೆಸರಿಟ್ಟರು. ಅನ್ಯರ ನೋವಿನಲ್ಲಿ ಪಾಲುದಾರ ಎಂದು ಆ ಪದದ ಅರ್ಥ. ಮಂಗಳೂರಿನಲ್ಲಿ ಹುಟ್ಟಿದವರೊಬ್ಬರು ರಾಯಚೂರಿನ ಶಾಲೆಗೆ ಇಂಥ ಹೆಸರನ್ನು ಆರಿಸಿದ್ದು ಸಣ್ಣ ಸಂಗತಿಯಲ್ಲ.

ದಾದಾನಿಗೆ ಕನ್ನಡ ಕಲಿಸಿದವರು ಅಂಥದೇ ಇನ್ನೊಂದು ದಡದಿಂದ ಬಂದವರು, ಪಕ್ಕದ ಹಳ್ಳಿಯ ಕುಲಕರ್ಣಿಯೊಬ್ಬರು. ನೌಕರಿಗಾಗಿ ಉರ್ದು ಕಲಿತಿದ್ದವರು. ಮೊದಲ ದಿನ ಅವರು ಹೇಳಿದ ಮಾತನ್ನು ದಾದಾ ಮರೆಯಲೇ ಇಲ್ಲ: "ಸಾಹೇಬ್ರ, ಇಪ್ಪತ್ತು ವರ್ಷ ನಾ ನಿಮ್ಮ ಭಾಷಾದಾಗ ಬರದೀನಿ. ಈಗ ನಿಮ್ಮ ಪಾಳಿ ಬಂದದ." ಆ ಮಾತಿನಲ್ಲಿ ಕುಹಕವಿರಲಿಲ್ಲ, ಲೆಕ್ಕ ಚುಕ್ತಾ ಮಾಡಿಕೊಳ್ಳುವ ಹಟವೂ ಇರಲಿಲ್ಲ ಎನ್ನುತ್ತಿದ್ದರು ದಾದಾ. ಪ್ರತಿದಿನ ಸಂಜೆ ಒಂದು ಗಂಟೆ ಕಂದೀಲಿನ ಬೆಳಕಿನಲ್ಲಿ ಪಾಠ ನಡೆಯಿತು. ಶುಲ್ಕ ಕೇಳಲಿಲ್ಲ, ತೆಗೆದುಕೊಳ್ಳಲೂ ಇಲ್ಲ.

ಕಷ್ಟಗಳಿದ್ದವು. ಉರ್ದುವಿನಲ್ಲಿ 'ಳ'ಕಾರವಿಲ್ಲ. ದಾದಾನ ಒಂದು ವರದಿಯಲ್ಲಿ 'ಹಳ್ಳಿಗೆ ಭೇಟಿ ಕೊಟ್ಟು ವಿಚಾರಿಸಿದೆನು' ಎಂಬುದು 'ಹಲ್ಲಿಗೆ ಭೇಟಿ ಕೊಟ್ಟು ವಿಚಾರಿಸಿದೆನು' ಎಂದಾಗಿತ್ತು. ಹಲ್ಲಿ ಏನೆಂದಿತು ಎಂದು ಕುಲಕರ್ಣಿಯವರು ಕೇಳಿದರಂತೆ! ಆದರೆ ಅನುಕೂಲವೂ ಇತ್ತು. ತಹಸೀಲು, ಜಮಾಬಂದಿ, ಪಹಣಿ, ದರ್ಖಾಸ್ತು, ವಸೂಲಿ, ಜಾಮೀನು, ಅರ್ಜಿ, ತಕರಾರು, ಇವೆಲ್ಲ ಆಗಲೇ ಕನ್ನಡವಾಗಿದ್ದ ಪದಗಳು. ಅಕ್ಷರ ಬದಲಾದರೆ ಸಾಕು, ಅರ್ಧ ದಫ್ತರ ಪರಿಚಿತವೇ. ಇಲಾಖೆಯ ಕನ್ನಡ ಪರೀಕ್ಷೆಯಲ್ಲಿ ದಾದಾ ಮೊದಲ ಸಲ ನಪಾಸಾದರು, ಎರಡನೆಯ ಸಲ ಪಾಸಾದರು. 1963ರಲ್ಲಿ ಕನ್ನಡವನ್ನು ರಾಜ್ಯದ ಆಡಳಿತ ಭಾಷೆಯಾಗಿ ಮಾಡುವ ಕಾಯಿದೆ ಬಂದಾಗ ಅವರು ಕನ್ನಡದಲ್ಲಿ ಕಡತ ಬರೆಯುತ್ತಿದ್ದರು.

ಇನ್ನು ನನ್ನ ಫ್ರೆಂಚಿನ ವಿಷಯ.

ಫ್ರೆಂಚ್ ಎಂಬ ಹೆಸರು ನಮ್ಮ ಸೀಮೆಗೆ ಮೊದಲು ಬಂದದ್ದು ಬಂದೂಕಿನ ಜೊತೆ. ಹದಿನೆಂಟನೆಯ ಶತಮಾನದಲ್ಲಿ ನಮ್ಮ ನೆರೆಯ ಅದೋನಿಯಲ್ಲಿದ್ದ ಬಸಾಲತ್ ಜಂಗ್ ಫ್ರೆಂಚ್ ಸೈನಿಕರ ತುಕಡಿಯೊಂದನ್ನು ಇಟ್ಟುಕೊಂಡಿದ್ದ. 1788ರಲ್ಲಿ ಟಿಪ್ಪು ಸುಲ್ತಾನನ ಮೂವರು ರಾಯಭಾರಿಗಳು ವರ್ಸೈಲ್ಸ್ ಅರಮನೆಗೆ ಹೋಗಿ ಹದಿನಾರನೆಯ ಲೂಯಿಯನ್ನು ಕಂಡರು. ಹೈದರಾಬಾದಿನಲ್ಲಿ ನಿಜಾಮನ ಸೈನ್ಯ ಕಟ್ಟಿದ ರೇಮೋಂ ಎಂಬ ಫ್ರೆಂಚ್ ಸೇನಾನಿ 1798ರಲ್ಲಿ ತೀರಿಕೊಂಡ. ಅದೇ ವರ್ಷ ಕಂಪನಿ ಸರಕಾರದ ಒತ್ತಾಯಕ್ಕೆ ಅವನ ಪಡೆಯೂ ವಿಸರ್ಜನೆಯಾಯಿತು. ಆದರೆ ಜನ ಅವನನ್ನು ಬಿಡಲಿಲ್ಲ. ಹಿಂದೂಗಳ ಬಾಯಲ್ಲಿ ಅವನು ಮೂಸಾರಾಮ, ಮುಸ್ಲಿಮರ ಬಾಯಲ್ಲಿ ಮೂಸಾ ರಹೀಮ್. ಇಂದಿಗೂ ಹೈದರಾಬಾದಿನಲ್ಲಿ ಮೂಸಾರಾಂಬಾಗ್ ಇದೆ. ಪರದೇಶದ ಹೆಸರನ್ನು ತಮ್ಮ ನಾಲಗೆಗೆ ಒಗ್ಗಿಸಿಕೊಳ್ಳುವುದೂ ಭಾಷಾ ಕಲಿಕೆಯ ಮೊದಲ ಪಾಠವಲ್ಲವೇ?

ನನ್ನನ್ನು ಫ್ರೆಂಚಿನತ್ತ ಎಳೆದವರು ಮಾತ್ರ ಸೇನಾನಿಯಲ್ಲ, ವಿದ್ವಾಂಸ. 1908ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ ಡಾ. ಮುಹಮ್ಮದ್ ಹಮೀದುಲ್ಲಾ. ಉರ್ದು ಮಾಧ್ಯಮದ ಉಸ್ಮಾನಿಯಾದಲ್ಲಿ ಓದಿ ಯುರೋಪಿಗೆ ಹೋದವರು. ಮೂವತ್ತು ತುಂಬುವ ಮೊದಲೇ ಪ್ಯಾರಿಸ್ಸಿನ ಸೊರ್ಬೋನ್ ವಿಶ್ವವಿದ್ಯಾಲಯಕ್ಕೆ ಪ್ರಬಂಧ ಒಪ್ಪಿಸಿದರು. 1948ರಲ್ಲಿ ಹೈದರಾಬಾದಿನ ಪರ ವಿಶ್ವಸಂಸ್ಥೆಗೆ ಹೋದ ನಿಯೋಗದಲ್ಲಿ ಅವರಿದ್ದರು. ಅವರ ಆ ರಾಜಕೀಯ ನಿಲುವನ್ನು ನಾವು ಒಪ್ಪಬೇಕಿಲ್ಲ. ಮರಳಿ ಬರದೆ ದಶಕಗಳ ಕಾಲ ಪ್ಯಾರಿಸ್ಸಿನಲ್ಲೇ ಉಳಿದರು. 1959ರಲ್ಲಿ ಅವರು ಕುರ್‌ಆನಿನ ಫ್ರೆಂಚ್ ಅನುವಾದವನ್ನೂ, ಪ್ರವಾದಿಯವರ ಜೀವನಚರಿತ್ರೆಯನ್ನು ಎರಡು ಸಂಪುಟಗಳಲ್ಲಿ ಫ್ರೆಂಚಿನಲ್ಲೇ ಬರೆದೂ ಪ್ರಕಟಿಸಿದರು. 2002ರಲ್ಲಿ ಅಮೆರಿಕದಲ್ಲಿ ತೀರಿಕೊಂಡರು. ಅವರು ಬಹಾವಲ್‌ಪುರದಲ್ಲಿ ನೀಡಿದ ಉರ್ದು ಉಪನ್ಯಾಸಗಳ ಪುಸ್ತಕ ದಾದಾನ ಬಳಿ ಇತ್ತು. ಒಂದೇ ಸಂಸ್ಥಾನದಲ್ಲಿ, ಒಂದೇ ಉರ್ದುವಿನಲ್ಲಿ ಓದಿದವರಲ್ಲಿ ಒಬ್ಬರು ಪ್ಯಾರಿಸ್ಸಿನಲ್ಲಿ ಫ್ರೆಂಚ್ ಬರೆದರು, ಇನ್ನೊಬ್ಬರು ಮಾನ್ವಿಯಲ್ಲಿ ಕನ್ನಡ ತಿದ್ದಿದರು. ಆ ಫ್ರೆಂಚ್ ಜೀವನಚರಿತ್ರೆಯನ್ನು ಅದರ ಭಾಷೆಯಲ್ಲೇ ಓದಬೇಕೆಂಬ ಆಸೆ ನನ್ನದು.

ರಾಯಚೂರಿನಲ್ಲಿ ನನಗೆ ಗುರು ಸಿಗಲಿಲ್ಲ. ಹೈದರಾಬಾದಿಗೋ ಬೆಂಗಳೂರಿಗೋ ಹೋಗಿ ತರಗತಿಯಲ್ಲಿ ಕೂರುವ ಅನುಕೂಲವಿರಲಿಲ್ಲ. ಮೊಬೈಲಿನಲ್ಲಿ ವಾರಕ್ಕೆ ಎರಡು ಪಾಠ, ದಿನಕ್ಕೊಮ್ಮೆ ಫ್ರೆಂಚ್ ರೇಡಿಯೋದ ಹತ್ತು ನಿಮಿಷದ ಸರಳ ವಾರ್ತೆ, ಒಂದು ನಿಘಂಟು, ಇಷ್ಟೇ ನನ್ನ ಮದರಸಾ. ಯುರೋಪಿನ ಕೌನ್ಸಿಲು 2001ರಲ್ಲಿ ಪ್ರಕಟಿಸಿದ ಚೌಕಟ್ಟಿನ ಪ್ರಕಾರ ಭಾಷಾ ಕಲಿಕೆಗೆ ಆರು ಮೆಟ್ಟಿಲು: ಎ1, ಎ2, ಬಿ1, ಬಿ2, ಸಿ1, ಸಿ2. ಮೊದಲ ಎರಡು ಆರಂಭಿಕರದು. ಮೂರನೆಯದಾದ ಬಿ1 ಮುಟ್ಟಿದವನು ಪರಿಚಿತ ವಿಷಯಗಳಲ್ಲಿ ತನ್ನ ಕಾಲ ಮೇಲೆ ತಾನು ನಿಲ್ಲಬಲ್ಲ. ಅಲ್ಲಿಗೆ ಮುಟ್ಟಲು ಅಂದಾಜು 350ರಿಂದ 400 ಗಂಟೆಗಳ ಪಾಠ ಬೇಕೆನ್ನುತ್ತಾರೆ. ನನಗೆ ಎರಡು ವರ್ಷವಾಯಿತು.

ಮೊದಲ ತಿಂಗಳುಗಳಲ್ಲಿ ನನಗೆ ನೆರವಾದದ್ದು ಇಂಗ್ಲಿಷ್ ಅಲ್ಲ, ಉರ್ದು ಮತ್ತು ಕನ್ನಡ. ಫ್ರೆಂಚಿನ 'ರ' ಗಂಟಲಿನಿಂದ ಬರುತ್ತದೆ. ಇಂಗ್ಲಿಷ್ ಶಾಲೆಯಲ್ಲಿ ಓದಿದ ನನ್ನ ಸಹಪಾಠಿಗಳು ಅದಕ್ಕೆ ಹೆಣಗುತ್ತಿದ್ದರೆ, ಗಜಲಿನ 'ಗೈನ್' ಅಕ್ಷರವನ್ನು ಉಸ್ತಾದರ ಬೆತ್ತದ ಭಯದಲ್ಲಿ ಕಲಿತಿದ್ದ ನನಗೆ ಅದು ಸುಲಭವಾಯಿತು. ಮೂಗಿನಲ್ಲಿ ಉಳಿಯುವ ಸ್ವರಗಳಿಗೆ ನಮ್ಮ 'ನೂನ್ ಗುನ್ನಾ' ಇತ್ತು. ನಿರ್ಜೀವ ವಸ್ತುಗಳಿಗೂ ಲಿಂಗವಿರುವುದು ಕನ್ನಡದ ಮನಸ್ಸಿಗೆ ವಿಚಿತ್ರ, ಉರ್ದುವಿಗೆ ಅಲ್ಲ. ಮೇಜು ಅಲ್ಲಿಯೂ ಸ್ತ್ರೀ, ಇಲ್ಲಿಯೂ ಸ್ತ್ರೀ. ಆದರೆ ಚಂದ್ರ ಉರ್ದುವಿನಲ್ಲಿ ಗಂಡು, ಫ್ರೆಂಚಿನಲ್ಲಿ ಹೆಣ್ಣು! ಬರುತ್ತೇನೆ, ಬರುತ್ತೀರಿ, ಬರುತ್ತಾರೆ ಎಂದು ಕರ್ತೃವಿಗೆ ತಕ್ಕಂತೆ ಕ್ರಿಯಾಪದ ಬದಲಾಗುವುದನ್ನು ಕನ್ನಡ ನನಗೆ ಮೊದಲೇ ಕಲಿಸಿತ್ತು. ನೀನು-ನೀವು ಭೇದವೂ ಅಷ್ಟೇ. ಎಂಬತ್ತನ್ನು ಫ್ರೆಂಚರು 'ನಾಲ್ಕು ಇಪ್ಪತ್ತು' ಎನ್ನುವಾಗ ಇಪ್ಪತ್ತಕ್ಕೆ ಒಂದು 'ಕೋಡಿ' ಎಂದು ಎಣಿಸುವ ಹಳೆಯ ಲೆಕ್ಕ ನೆನಪಾಯಿತು.

ಪದಗಳಂತೂ ಹಳೆಯ ನೆಂಟರಂತೆ ಎದುರಾದವು. ಅಂಗಡಿಗೆ ಅವರು ಹೇಳುವ 'ಮಗಾಜೆಂ' ಅರಬಿಯ ಮಖ್‌ಜನ್, ಎಂದರೆ ಉಗ್ರಾಣ. ಸುಂಕದ ಕಟ್ಟೆಯ 'ದುವಾನ್' ನಮ್ಮ ದೀವಾನ್. ಅಂಕಿಯ 'ಶಿಫ್ರ್' ನಮ್ಮ ಉರ್ದು ಶಾಲೆಯ ಸಿಫರ್. ಹೆಂಗಸರ ಲಂಗದ 'ಜ್ಯೂಪ್' ನಮ್ಮ ಜುಬ್ಬಾ. ಸಕ್ಕರೆಗೆ ಅವರು 'ಸ್ಯುಕ್ರ್' ಎನ್ನುತ್ತಾರೆ. ಸಂಸ್ಕೃತದ ಶರ್ಕರಾ ಒಂದು ಕಡೆ ಕನ್ನಡದ ಸಕ್ಕರೆಯಾಯಿತು, ಇನ್ನೊಂದು ಕಡೆ ಪಾರ್ಸಿ, ಅರಬಿ, ಇಟಲಿಗಳ ಮಾರ್ಗವಾಗಿ ಪ್ಯಾರಿಸ್ ಮುಟ್ಟಿತು. ಭಾಷೆಗೆ ಮಡಿ ಮೈಲಿಗೆ ಹಚ್ಚುವವರು ಚಹಾಕ್ಕೆ ಸಕ್ಕರೆ ಹಾಕಿಕೊಳ್ಳುವಾಗಲಾದರೂ ಇದನ್ನು ನೆನೆಯಬೇಕು.

ನಗೆಪಾಟಲೂ ಆಗಿದ್ದೇನೆ. ಫ್ರೆಂಚಿನಲ್ಲಿ ಮೀನಿಗೂ ವಿಷಕ್ಕೂ 'ಸ' ಮತ್ತು 'ಜ'ಗಳಷ್ಟೇ ವ್ಯತ್ಯಾಸ. ನನಗೆ ಕರಿದ ವಿಷವೆಂದರೆ ಬಹಳ ಇಷ್ಟವೆಂದು ಪಾಠದಲ್ಲಿ ಹೇಳಿದೆ. ಎಲ್ಲರೂ ನಕ್ಕರು. ನನಗೆ ದಾದಾನ ಹಲ್ಲಿ ನೆನಪಾಯಿತು.

ಆರಂಭದ ಹಂತ ಹಬ್ಬದಂತೆ. ನಿನ್ನೆ ಗೊತ್ತಿಲ್ಲದ್ದು ಇಂದು ಗೊತ್ತಿರುತ್ತದೆ. ನಡುವಿನ ಹಂತ ಹಾಗಲ್ಲ. ಆರು ತಿಂಗಳು ದುಡಿದರೂ ಇದ್ದಲ್ಲೇ ಇದ್ದಂತೆ ಅನ್ನಿಸುತ್ತದೆ. ವಾರ್ತೆ ಅರ್ಥವಾಗುತ್ತದೆ, ಹಾಸ್ಯ ಅರ್ಥವಾಗುವುದಿಲ್ಲ. ಓದಬಲ್ಲೆ, ಜಗಳವಾಡಲಾರೆ. ಹೆಚ್ಚಿನವರು ಬಿಟ್ಟುಬಿಡುವುದು ಇಲ್ಲಿಯೇ. ದಾದಾನ ಸ್ಥಿತಿ ನನ್ನದಕ್ಕೆ ತದ್ವಿರುದ್ಧವಾಗಿತ್ತು: ಅವರಿಗೆ ಕಿವಿಯಿತ್ತು, ಅಕ್ಷರವಿರಲಿಲ್ಲ. ನನಗೆ ಅಕ್ಷರವಿದೆ, ಕಿವಿಯಿಲ್ಲ. ಆದರೂ ಅವರು ಕೊನೆಯವರೆಗೂ ಆ ನಡುವಿನ ಮೆಟ್ಟಿಲಲ್ಲೇ ಉಳಿದರು ಎಂಬುದು ನನಗೆ ಈಗ ತಿಳಿಯುತ್ತಿದೆ. ವರದಿಯನ್ನು ಕನ್ನಡದಲ್ಲಿ ಬರೆದರು. ದಾದಿ ತೀರಿಕೊಂಡಾಗ ಊರೂರಿಗೆ ಬರೆದ ಕಾಗದಗಳು ಮಾತ್ರ ಉರ್ದುವಿನಲ್ಲಿದ್ದವು.

ಆ ಮೆಟ್ಟಿಲನ್ನು ದಾಟಿದವರೂ ಇದ್ದಾರೆ. 1853ರಲ್ಲಿ ಇಪ್ಪತ್ತೊಂದರ ಹರೆಯದಲ್ಲಿ ಜರ್ಮನಿಯಿಂದ ಬಂದ ಕಿಟೆಲ್ 1894ರಲ್ಲಿ ಕನ್ನಡಕ್ಕೆ ನಿಘಂಟನ್ನೇ ಕೊಟ್ಟರು. ನಮ್ಮ ಜಿಲ್ಲೆಯ ಹೆಂಬೆರಾಳಿನ ಶಾಂತರಸರು (1924-2008) ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಓದಬೇಕಾಯಿತು. ಹೇರಿದ ಭಾಷೆ ಎಂದು ಅವರು ಅದನ್ನು ದ್ವೇಷಿಸಬಹುದಿತ್ತು. ಬದಲಿಗೆ ಉರ್ದು ಗಜಲುಗಳನ್ನು ಕನ್ನಡಕ್ಕೆ ತಂದರು, ಕನ್ನಡದಲ್ಲೇ ಗಜಲು ಬರೆದರು. 2006ರಲ್ಲಿ ಬೀದರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಬಲವಂತದಿಂದ ಬಂದದ್ದನ್ನು ಪ್ರೀತಿಯಿಂದ ತಮ್ಮದಾಗಿಸಿಕೊಂಡವರು ಅವರು.

ಮುಸ್ಲಿಮರಿಗೆ ಕನ್ನಡ ಬಾರದು ಎಂಬ ಮಾತನ್ನು ಈಗಲೂ ಕೇಳುತ್ತೇನೆ. ನಮ್ಮವರಲ್ಲಿಯೂ ಕನ್ನಡದಿಂದ ಉರ್ದು ಹಾಳಾಯಿತೆಂದು ಗೊಣಗುವವರಿದ್ದಾರೆ. ಇಬ್ಬರಿಗೂ ನನ್ನದೊಂದೇ ಉತ್ತರ, ಆ ಕಾಪಿ ಪುಸ್ತಕ. ಉರ್ದು ಬಿಡದೆಯೇ ದಾದಾ ಕನ್ನಡ ಕಲಿತರು.

ಕಳೆದ ವರ್ಷ ದೇವದುರ್ಗದ ಕಡೆಯ ರೈತರೊಬ್ಬರು ಹಳೆಯ ಖಾಸ್ರಾ ಪಹಣಿಯ ನಕಲು ಹಿಡಿದು ಮನೆಗೆ ಬಂದರು. ಅಣ್ಣತಮ್ಮಂದಿರ ನಡುವೆ ಹೊಲದ ತಕರಾರು. ಕಾಗದ ಉರ್ದುವಿನಲ್ಲಿತ್ತು, ಅವರ ಊರಿನಲ್ಲಿ ಓದುವವರಿರಲಿಲ್ಲ. ನಾನು ಓದಿ, ಅದರ ಸಾರಾಂಶವನ್ನು ಕನ್ನಡದಲ್ಲಿ ಬರೆದುಕೊಟ್ಟೆ. ಅವರು ಹಣ ಕೊಡಲು ಬಂದಾಗ ಕುಲಕರ್ಣಿಯವರು ನೆನಪಾಗಿ ಬೇಡವೆಂದೆ. ಇದನ್ನೆಲ್ಲ ನೋಡುತ್ತ ಕುಳಿತಿದ್ದ ತಂಗಿಯ ಮಗ ಅಂದು ರಾತ್ರಿ ಮೆಲ್ಲಗೆ ಕೇಳಿದ: "ಮಾಮೂ, ನನಗೆ ಉರ್ದು ಓದಲು ಕಲಿಸುತ್ತೀರಾ?"

ಈಗ ನಮ್ಮ ಮನೆಯಲ್ಲಿ ಸಂಜೆ ಒಂದು ಗಂಟೆ ಇಬ್ಬರು ವಿದ್ಯಾರ್ಥಿಗಳು. ಅವನು ಅಲಿಫ್, ಬೇ ತಿದ್ದುತ್ತಾನೆ. ನಾನು ನಿಘಂಟು ಪಕ್ಕಕ್ಕಿಟ್ಟುಕೊಂಡು ಹಮೀದುಲ್ಲಾ ಅವರ ಪುಸ್ತಕ ಓದುತ್ತೇನೆ. ದಿನಕ್ಕೆ ಒಂದು ಪುಟ, ಕೆಲವು ದಿನ ಅರ್ಧ.