ಕಾಲು ಕತ್ತರಿಸಿದ ಮೇಲಿನ ಹದಿನೈದು ದಿನ

ನಮ್ಮ ಊರುಗಳಲ್ಲಿ ನಾಯಿ ಕಾಲು ಕಳೆದುಕೊಳ್ಳುವುದು ಅಪರೂಪವೇನಲ್ಲ. ಹೆದ್ದಾರಿ ದಾಟುವಾಗ ಲಾರಿಯ ಚಕ್ರ ಹರಿಯುತ್ತದೆ. ಕಟಾವು ಯಂತ್ರದ ಮುಂದೆ ಇಲಿ ಹಿಡಿಯಲು ನುಗ್ಗಿ ಸಿಕ್ಕಿಹಾಕಿಕೊಳ್ಳುತ್ತದೆ. ಮಲೆನಾಡಿನ ಕಡೆ ಹಂದಿಗೆಂದು ಒಡ್ಡಿದ ಉರುಳಿಗೆ ಸಿಕ್ಕಿ, ತಂತಿ ಬಿಗಿದು, ಪಾದ ಕೊಳೆತ ಮೇಲೆ ಮನೆಗೆ ಬರುತ್ತದೆ. ಆಗ ಊರಲ್ಲಿ ಎರಡು ಮಾತು ಕೇಳಿಸುತ್ತವೆ. ಒಂದು, "ಕಾಲು ಹೋದ ಮೇಲೆ ನಾಯಿ ಹೋದ ಹಾಗೆ, ಬಿಡಿ". ಇನ್ನೊಂದು, "ಡಾಕ್ಟ್ರು ಕಾಲು ತೆಗೆದಾಯ್ತಲ್ಲ, ಇನ್ನೇನು ಭಯ ಇಲ್ಲ".

ಎರಡೂ ಸರಿಯಲ್ಲ. ಕಾಲು ತೆಗೆಯುವುದು ಒಂದೆರಡು ಗಂಟೆಯ ಕೆಲಸ. ನಾಯಿ ಉಳಿಯುತ್ತದೋ ಇಲ್ಲವೋ ಎಂಬುದು ತಿಳಿಯುವುದು ಅದರ ನಂತರದ ಹತ್ತು ಹದಿನೈದು ದಿನಗಳಲ್ಲಿ. ಕಾಲು ಕತ್ತರಿಸುವ ಚಿಕಿತ್ಸೆಯ ಚರಿತ್ರೆಯನ್ನು ನೋಡಿದರೂ ಕಾಣುವುದು ಇದೇ. ಗರಗಸ ಬಹಳ ಹಳೆಯದು. ಆದರೆ ಕತ್ತರಿಸಿದ ನಂತರ ಬರುವ ರಕ್ತ, ನೋವು, ಕೀವು ಈ ಮೂರನ್ನೂ ತಡೆಯಲು ಮನುಷ್ಯ ಒಂದೊಂದಾಗಿ, ಬಹಳ ನಿಧಾನವಾಗಿ ಕಲಿತ. ಆ ಕಲಿಕೆಯಲ್ಲಿ ನಾಯಿ, ಕರು, ಇಲಿಗಳ ಪಾಲೂ ಇದೆ. ಆ ಕಥೆಯನ್ನು ಹೇಳುತ್ತಲೇ, ಇವತ್ತು ಜಗಲಿಯ ಮೇಲೆ ಮಲಗಿರುವ ಮೂರು ಕಾಲಿನ ನಾಯಿಗೆ ಅದರಿಂದ ಏನು ಉಪಯೋಗ ಎಂದೂ ನೋಡೋಣ.

ಹಳೆಯ ಕಥೆಯೊಂದು

ಋಗ್ವೇದದಲ್ಲಿ ವಿಶ್ಪಲಾ ಎಂಬ ಹೆಸರು ಬರುತ್ತದೆ. ರಾತ್ರಿಯ ಹೊತ್ತು ನಡೆದ ಸ್ಪರ್ಧೆಯಲ್ಲೋ ಕಾಳಗದಲ್ಲೋ ಅವಳ ಕಾಲು ತುಂಡಾಗುತ್ತದೆ. ಅಶ್ವಿನಿ ದೇವತೆಗಳು ಲೋಹದ ಕಾಲು ಕೊಟ್ಟು ಅವಳು ಮತ್ತೆ ಓಡುವಂತೆ ಮಾಡುತ್ತಾರೆ. ವಿಶ್ಪಲಾ ಎಂದರೆ ಹೆಂಗಸಲ್ಲ, ಓಟದ ಹೆಣ್ಣುಕುದುರೆ ಎಂದು ಅರ್ಥ ಮಾಡಿದ ವಿದ್ವಾಂಸರೂ ಇದ್ದಾರೆ. ಹಾಗಿದ್ದರೆ ಕಾಲು ಕಳೆದುಕೊಂಡ ಪ್ರಾಣಿಯ ಮೊದಲ ಕಥೆಗಳಲ್ಲಿ ಅದೂ ಒಂದು. ಆ ಕಥೆಯಲ್ಲಿ ಹೊಸ ಕಾಲು ಕೂಡಲೇ ಬರುತ್ತದೆ. ನಡುವಿನ ದಿನಗಳ ಮಾತೇ ಇಲ್ಲ. ದೇವರಿಗೆ ಅದು ಸಾಧ್ಯ. ಉಳಿದವರಿಗೆ ನಡುವಿನ ದಿನಗಳೇ ಕಷ್ಟ.

ರಕ್ತ

ಹಿಂದೆ ಯುರೋಪಿನಲ್ಲಿ ಕಾಲು ಕತ್ತರಿಸಿದ ಮೇಲೆ ರಕ್ತ ನಿಲ್ಲಿಸಲು ಕಾಯಿಸಿದ ಕಬ್ಬಿಣದಿಂದ ಸುಡುತ್ತಿದ್ದರು. ನಮ್ಮಲ್ಲಿ ದನಗಳಿಗೆ ಬರೆ ಹಾಕುವುದನ್ನು ಕಂಡವರಿಗೆ ಅದರ ನೋವು ಎಂಥದ್ದೆಂದು ಹೇಳಬೇಕಾಗಿಲ್ಲ. 1552ರಲ್ಲಿ ಫ್ರಾನ್ಸಿನ ಸೇನಾ ವೈದ್ಯ ಆಂಬ್ರೋಸ್ ಪಾರೆ ಯುದ್ಧದಲ್ಲಿ ಗಾಯಗೊಂಡವನ ಕಾಲು ಕತ್ತರಿಸಿದಾಗ ಸುಡುವ ಬದಲು ರಕ್ತನಾಳಗಳನ್ನು ದಾರದಿಂದ ಕಟ್ಟಿದ. ರಕ್ತ ನಿಂತಿತು. ಆದರೆ ದಾರದ ತುದಿಯನ್ನು ಗಾಯದ ಹೊರಗೆ ಬಿಡುತ್ತಿದ್ದುದರಿಂದ ಅದರ ಸುತ್ತ ಕೀವಾಗುತ್ತಿತ್ತು. ಈ ತೊಂದರೆಗೆ ಪರಿಹಾರ ಸಿಗಲು ಇನ್ನೂ ಮುನ್ನೂರು ವರ್ಷ ಬೇಕಾಯಿತು. ಬ್ರಿಟನ್ನಿನ ಜೋಸೆಫ್ ಲಿಸ್ಟರ್ 1868ರ ಡಿಸೆಂಬರ್ 31ರಂದು ಒಂದು ಕರುವಿನ ಕುತ್ತಿಗೆಯ ರಕ್ತನಾಳವನ್ನು ಪ್ರಾಣಿಯ ಕರುಳಿನಿಂದ ಮಾಡಿದ, ಔಷಧದಲ್ಲಿ ನೆನೆಸಿದ ದಾರದಿಂದ ಕಟ್ಟಿದ. ತಿಂಗಳ ನಂತರ ನೋಡಿದರೆ ದಾರದ ಜಾಗದಲ್ಲಿ ಹೊಸ ಮಾಂಸ ಬೆಳೆದಿತ್ತು, ಕೀವು ಇರಲಿಲ್ಲ. ಇವತ್ತು ನಾಯಿಯ ಒಳಹೊಲಿಗೆಗೆ ಬಳಸುವ ತಾನಾಗಿ ಕರಗುವ ದಾರಗಳ ಹಿಂದೆ ಈ ಕರುವಿನ ಕಥೆ ಇದೆ.

ಮನೆಗೆ ಬಂದ ನಾಯಿಯ ಹೊಲಿಗೆಯ ಸುತ್ತ ಮೊದಲ ಎರಡು ಮೂರು ದಿನ ಸ್ವಲ್ಪ ಊತ, ನೀಲಿ ಬಣ್ಣ, ಒಂದೆರಡು ಹನಿ ಕೆಂಪು ನೀರು ಕಾಣುವುದು ಸಹಜ. ಕೆಲವು ನಾಯಿಗಳಿಗೆ ಹೊಲಿಗೆಯ ಕೆಳಗೆ ನೀರು ತುಂಬಿ ಚೀಲದ ಹಾಗೆ ಮೆತ್ತಗೆ ಉಬ್ಬುತ್ತದೆ. ಇದು ಹೆಚ್ಚಾಗಿ ತಾನೇ ಇಳಿಯುತ್ತದೆ. ಮನೆಯಲ್ಲಿ ಸೂಜಿ ಚುಚ್ಚಿ ತೆಗೆಯಲು ಹೋದರೆ ಒಳಗೆ ಸೋಂಕು ಹೊಕ್ಕುತ್ತದೆ, ಆ ಕೆಲಸ ಬೇಡ. ಆದರೆ ರಕ್ತ ತೊಟ್ಟಿಕ್ಕುತ್ತಲೇ ಇದ್ದರೆ, ಒಸಡು ಬಿಳಿಚಿಕೊಂಡರೆ, ನಾಯಿ ಎಬ್ಬಿಸಿದರೂ ಏಳದಿದ್ದರೆ ಬೆಳಗಾಗಲಿ ಎಂದು ಕಾಯುವಂತಿಲ್ಲ.

ನೋವು

ಅಮೆರಿಕದ ಹಲ್ಲಿನ ವೈದ್ಯ ವಿಲಿಯಂ ಮಾರ್ಟನ್ ಈಥರ್ ಎಂಬ ದ್ರವವನ್ನು ಮನುಷ್ಯರಿಗೆ ಬಳಸುವ ಮೊದಲು ತನ್ನ ಸಾಕುನಾಯಿಗೆ ಮೂಸಿಸಿ ನೋಡಿದ್ದ. 1846ರ ಅಕ್ಟೋಬರ್ 16ರಂದು ಬಾಸ್ಟನ್ ಆಸ್ಪತ್ರೆಯಲ್ಲಿ ಎಲ್ಲರೆದುರು ಒಬ್ಬ ರೋಗಿಗೆ ಈಥರ್ ಕೊಟ್ಟ. ಅದೇ ಡಿಸೆಂಬರ್ 21ರಂದು ಲಂಡನ್ನಿನಲ್ಲಿ ರಾಬರ್ಟ್ ಲಿಸ್ಟನ್ ಈಥರ್ ಕೊಟ್ಟು ಒಬ್ಬನ ಕಾಲು ಕತ್ತರಿಸಿದ. ಅದಕ್ಕೂ ಮೊದಲು ರೋಗಿಯನ್ನು ನಾಲ್ಕು ಜನ ಹಿಡಿದುಕೊಂಡು ಕತ್ತರಿಸುವುದೇ ರೂಢಿಯಾಗಿತ್ತು.

ಮನುಷ್ಯರಿಗೆ ಹೀಗೆ ಬಿಡುಗಡೆ ಸಿಕ್ಕಿತು. ಪ್ರಯೋಗಕ್ಕೆ ಮೊದಲು ಒದಗಿದ ನಾಯಿ ಮಾತ್ರ ಕಾಯಬೇಕಾಯಿತು. ನಾಯಿಗೂ ಅರಿವಳಿಕೆ ಕೊಡಬಹುದು ಎಂದು 1847ರಲ್ಲೇ ಪ್ರಯತ್ನ ನಡೆದರೂ ಅದು ಎಲ್ಲ ಕಡೆ ರೂಢಿಗೆ ಬರಲಿಲ್ಲ. ಬ್ರಿಟನ್ನಿನಲ್ಲಿ ಪ್ರಾಣಿಗಳ ಕೆಲವು ಶಸ್ತ್ರಚಿಕಿತ್ಸೆಗಳಿಗೆ ಅರಿವಳಿಕೆ ಕಡ್ಡಾಯ ಎಂಬ ಕಾನೂನು ಬಂದದ್ದು 1919ರಲ್ಲಿ. ನಡುವೆ 73 ವರ್ಷ ಕಳೆದಿತ್ತು.

ಅರಿವಳಿಕೆ ಇಳಿದ ಮೇಲಿನ ನೋವಿನ ಮಾತು ಇನ್ನೂ ತಡವಾಗಿ ಬಂತು. ನೋವಿದ್ದರೆ ಪ್ರಾಣಿ ಅಲುಗಾಡದೆ ಮಲಗುತ್ತದೆ, ಗಾಯ ಬೇಗ ಮಾಯುತ್ತದೆ ಎಂದು ನಂಬಿದ್ದ ವೈದ್ಯರು ಕಳೆದ ಶತಮಾನದ ಕೊನೆಯವರೆಗೂ ಇದ್ದರು. ಈಗ ಆ ನಂಬಿಕೆ ಹೋಗಿದೆ. ನೋವಿರುವ ನಾಯಿ ತಿನ್ನುವುದಿಲ್ಲ, ನಿದ್ದೆ ಮಾಡುವುದಿಲ್ಲ, ಗಾಯವನ್ನು ಕಚ್ಚಿಕೊಳ್ಳುತ್ತದೆ. ಹಾಗಾಗಿ ನೋವಿನ ಔಷಧವೂ ಗಾಯದ ಚಿಕಿತ್ಸೆಯ ಭಾಗವೇ.

ಇನ್ನೊಂದು ವಿಚಿತ್ರ ನೋವಿದೆ. ಇಲ್ಲದ ಕಾಲು ನೋಯುವುದು! ಪಾರೆ ಇದನ್ನು ಸೈನಿಕರಲ್ಲಿ ಕಂಡು ಬರೆದಿದ್ದ. ಅಮೆರಿಕದ ಅಂತರ್ಯುದ್ಧದಲ್ಲಿ ಕೈಕಾಲು ಕಳೆದುಕೊಂಡವರಿಗೆ ಚಿಕಿತ್ಸೆ ಮಾಡಿದ ಸೈಲಸ್ ವಿಯರ್ ಮಿಚೆಲ್ 1871ರಲ್ಲಿ ಅದಕ್ಕೆ ಭೂತದ ಅಂಗ ಎನ್ನುವ ಅರ್ಥದ ಹೆಸರಿಟ್ಟ. ನಾಯಿ ತನ್ನ ನೋವನ್ನು ಬಾಯಿಬಿಟ್ಟು ಹೇಳಲಾರದು. ಆದರೆ ಗಾಯ ಮಾಯ್ದ ಮೇಲೂ ಯಾರೂ ಮುಟ್ಟದೆ ಚೀರಿ ಏಳುವುದು, ಥಟ್ಟನೆ ತಿರುಗಿ ಕತ್ತರಿಸಿದ ಜಾಗವನ್ನು ನೋಡುವುದು, ಅಲ್ಲಿಯೇ ನೆಕ್ಕುತ್ತಾ ಕಚ್ಚುತ್ತಾ ಇರುವುದು ಕಂಡರೆ ಅದು ನರದ ನೋವಿರಬಹುದು. ಊರಲ್ಲಿ ಇದನ್ನು ಕಂಡು "ಗಾಳಿ ಮೆಟ್ಟಿದೆ" ಎಂದವರೂ ಉಂಟು. ಗಾಳಿಯಲ್ಲ, ಇದಕ್ಕೆ ಬೇರೆಯೇ ಮಾತ್ರೆಗಳಿವೆ. ಫೋನಿನಲ್ಲಿ ವಿಡಿಯೋ ಮಾಡಿಕೊಂಡು ಹೋಗಿ ಪಶುವೈದ್ಯರಿಗೆ ತೋರಿಸಿ.

ಮನೆಯಲ್ಲಿರುವ ಮನುಷ್ಯರ ನೋವಿನ ಮಾತ್ರೆಯನ್ನು ಮಾತ್ರ ಕೊಡಬೇಡಿ. ಐಬುಪ್ರೊಫೆನ್, ಡೈಕ್ಲೊಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡ ಕೆಡಿಸುತ್ತವೆ. ಡೈಕ್ಲೊಫೆನಾಕ್ ಕೊಟ್ಟ ದನಗಳ ಹೆಣ ತಿಂದು ದೇಶದ ರಣಹದ್ದುಗಳು ಸತ್ತದ್ದಕ್ಕೆ 2006ರಲ್ಲಿ ಪ್ರಾಣಿಗಳ ಬಳಕೆಗೆ ಆ ಔಷಧವನ್ನೇ ಸರ್ಕಾರ ನಿಷೇಧಿಸಿತು. ಒಂದು ಪ್ರಾಣಿಯ ಔಷಧ ಇನ್ನೊಂದಕ್ಕೆ ವಿಷವಾಗಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಕೀವು

ಮೂರರಲ್ಲಿ ಹೆಚ್ಚು ಜೀವ ತೆಗೆದದ್ದು ಕೀವು. ಗ್ಲಾಸ್ಗೋ ಆಸ್ಪತ್ರೆಯಲ್ಲಿ ಲಿಸ್ಟರ್ ಕೆಲಸ ಮಾಡುತ್ತಿದ್ದಾಗ, ಅವನ ಹೊಸ ವಿಧಾನಕ್ಕೂ ಮೊದಲು, ಕೈಕಾಲು ಕತ್ತರಿಸಿಕೊಂಡ 35 ಜನರಲ್ಲಿ 16 ಜನ ಸತ್ತರು. ಕತ್ತಿಯಿಂದಲ್ಲ, ನಂತರದ ಸೋಂಕಿನಿಂದಲೇ ಹೆಚ್ಚು. ಕೊಳೆಯುವುದಕ್ಕೆ ಕಣ್ಣಿಗೆ ಕಾಣದ ಜೀವಿಗಳು ಕಾರಣ ಎಂಬ ಲೂಯಿ ಪಾಶ್ಚರನ ಮಾತು ಲಿಸ್ಟರನ ಮನಸ್ಸಿಗೆ ನಾಟಿತು. 1865ರ ಆಗಸ್ಟಿನಲ್ಲಿ ಗಾಡಿಯ ಚಕ್ರ ಹರಿದು ಮೂಳೆ ಹೊರಬಂದಿದ್ದ 11 ವರ್ಷದ ಹುಡುಗನ ಗಾಯಕ್ಕೆ ಕಾರ್ಬಾಲಿಕ್ ಆಮ್ಲದ ಪಟ್ಟಿ ಕಟ್ಟಿದ. ಕಾಲು ಕತ್ತರಿಸದೆಯೇ ಉಳಿಯಿತು. ಮುಂದೆ ಈ ವಿಧಾನದಲ್ಲಿ ಕೈಕಾಲು ಕತ್ತರಿಸಿದ 40 ಜನರಲ್ಲಿ ಸತ್ತವರು 6 ಜನ.

ಕಾರ್ಬಾಲಿಕ್ ಆಮ್ಲದ ಹತ್ತಿರದ ನಂಟೇ ನಮ್ಮ ಮನೆಗಳ ಕಪ್ಪು ಫಿನಾಯಿಲು. ನಾಯಿಯ ಗಾಯಕ್ಕೆ, ಹುಳ ಬಿದ್ದ ದನದ ಗಾಯಕ್ಕೆ ಫಿನಾಯಿಲು ಸುರಿಯುವುದು ಇಂದಿಗೂ ನಡೆದಿದೆ. ಆ ಕಾಲಕ್ಕೆ ಕಾರ್ಬಾಲಿಕ್ ದೊಡ್ಡ ಹೆಜ್ಜೆ, ನಿಜ. ಆದರೆ ಅದು ಚರ್ಮವನ್ನೂ ಸುಡುತ್ತದೆ ಎಂದು ಬಹುಬೇಗ ತಿಳಿಯಿತು. ಆಪರೇಷನ್ ಕೋಣೆಯ ಗಾಳಿಗೆ ಅದನ್ನು ಸಿಂಪಡಿಸುವ ಪದ್ಧತಿಯನ್ನು 1890ರ ಹೊತ್ತಿಗೆ ಲಿಸ್ಟರನೇ ಕೈಬಿಟ್ಟ. ಅವನು ಬಿಟ್ಟದ್ದನ್ನು ನಾವು ಹಿಡಿದುಕೊಂಡಿರುವುದು ಬೇಡ. ಫಿನಾಯಿಲು ಹೊಸ ಮಾಂಸವನ್ನು ಸುಡುತ್ತದೆ. ನಾಯಿ ಅದನ್ನು ನೆಕ್ಕಿದರೆ ವಿಷ ಹೊಟ್ಟೆಗೂ ಹೋಗುತ್ತದೆ.

ಸೋಂಕು ಒಳಗೆ ಇಳಿದ ಮೇಲೆ ಹೊರಗಿನ ಔಷಧ ಸಾಲದು. ಅದಕ್ಕೆ ಪೆನಿಸಿಲಿನ್ ಬರಬೇಕಾಯಿತು. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಅದನ್ನು ಗುರುತಿಸಿದ. 1940ರ ಮೇ 25ರಂದು ಆಕ್ಸ್‌ಫರ್ಡಿನಲ್ಲಿ ಹೋವರ್ಡ್ ಫ್ಲೋರಿಯ ತಂಡ ಎಂಟು ಇಲಿಗಳಿಗೆ ಸೋಂಕು ಹಚ್ಚಿ ನಾಲ್ಕಕ್ಕೆ ಮಾತ್ರ ಪೆನಿಸಿಲಿನ್ ಕೊಟ್ಟಿತು. ಬೆಳಗಾಗುವುದರೊಳಗೆ ಔಷಧ ಸಿಗದ ನಾಲ್ಕೂ ಸತ್ತಿದ್ದವು, ಸಿಕ್ಕಿದ ನಾಲ್ಕೂ ಬದುಕಿದ್ದವು. ಅಲ್ಲಿಂದ ಮುಂದೆ ಬಂದ ಮಾತ್ರೆಗಳನ್ನೇ ಇಂದು ನಾಯಿಗೆ ಬರೆದುಕೊಡುತ್ತಾರೆ. ಐದು ದಿನಕ್ಕೆ ಬರೆದದ್ದನ್ನು ಎರಡು ದಿನಕ್ಕೆ ನಿಲ್ಲಿಸಬೇಡಿ. ಅರ್ಧ ಕೋರ್ಸಿನಿಂದ ಔಷಧಕ್ಕೆ ಜಗ್ಗದ ರೋಗಾಣು ಉಳಿದುಕೊಳ್ಳುತ್ತವೆ.

ನಮ್ಮ ಹಳ್ಳಿಗಳಲ್ಲಿ ಕೀವಿನ ಜೊತೆಗೆ ನೊಣವೂ ಇದೆ. ಒದ್ದೆ ಗಾಯದ ಮೇಲೆ ನೊಣ ಕೂತರೆ ಒಂದೆರಡು ದಿನಕ್ಕೆ ಹುಳ ಬೀಳುತ್ತದೆ. ನಾಯಿಯನ್ನು ಕೊಟ್ಟಿಗೆ, ತಿಪ್ಪೆಯಿಂದ ದೂರ, ಒಣಗಿದ ಗೋಣಿಯ ಮೇಲೆ ಮಲಗಿಸಿ. ಗೋಣಿಯನ್ನು ದಿನಾ ಬದಲಿಸಿ. ಸಾಧ್ಯವಾದರೆ ಸೊಳ್ಳೆಪರದೆ ಕಟ್ಟಿ. ನಾಯಿ ಹೊಲಿಗೆ ಕಚ್ಚದ ಹಾಗೆ ಕೊರಳಿಗೆ ಅಗಲವಾದ ಕಾಲರ್ ಹಾಕಬೇಕು. ಕೊಳ್ಳಲು ಸಿಗದಿದ್ದರೆ ಹಳೆಯ ಪ್ಲಾಸ್ಟಿಕ್ ಬಕೆಟ್ಟಿನ ತಳ ತೆಗೆದು, ಅಂಚಿಗೆ ಬಟ್ಟೆ ಸುತ್ತಿ ತೊಡಿಸಬಹುದು. ಕೆಟ್ಟ ವಾಸನೆ, ಬಿಸಿಯಾದ ಗಟ್ಟಿ ಬಾವು, ಬಿಟ್ಟುಕೊಂಡ ಹೊಲಿಗೆ, ಒಂದಿಡೀ ದಿನ ಅನ್ನ ಮುಟ್ಟದಿರುವುದು, ಇವು ಕಂಡರೆ ವೈದ್ಯರಿಗೆ ಹೇಳಲೇಬೇಕು.

ಮೂರು ಕಾಲಿನ ಬಾಳು

ಹೊಲಿಗೆ ಬಿಚ್ಚಿದ ಮೇಲೆ ಉಳಿದ ಮೂರು ಕಾಲುಗಳ ಲೆಕ್ಕ ಶುರುವಾಗುತ್ತದೆ. ನಾಯಿ ನಿಂತಾಗ ಮೈಭಾರದ ನೂರಕ್ಕೆ ಸುಮಾರು 60 ಭಾಗ ಮುಂಗಾಲುಗಳ ಮೇಲೆ ಇರುತ್ತದೆ. ಹಾಗಾಗಿ ಹಿಂಗಾಲು ಹೋದ ನಾಯಿಗಿಂತ ಮುಂಗಾಲು ಹೋದ ನಾಯಿಗೆ ಹೊಂದಿಕೊಳ್ಳುವುದು ಕಷ್ಟ. ಪಾದ ಮಾತ್ರ ಕೆಟ್ಟಿದ್ದರೂ ವೈದ್ಯರು ಕಾಲನ್ನು ಮೇಲಿನವರೆಗೆ ಯಾಕೆ ತೆಗೆದರು ಎಂದು ಹಲವರು ಕೇಳುತ್ತಾರೆ. ಮೋಟು ಉಳಿಸಿದರೆ ನಾಯಿ ಅದನ್ನು ನೆಲಕ್ಕೆ ಊರಲು ಹೋಗಿ ಮತ್ತೆ ಮತ್ತೆ ಗಾಯ ಮಾಡಿಕೊಳ್ಳುತ್ತದೆ, ಅದಕ್ಕೆ.

ಕೃತಕ ಕಾಲಿನ ವಿಷಯದಲ್ಲಿ ನಮ್ಮ ದೇಶಕ್ಕೆ ಹೆಸರಿದೆ. ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಡಾ. ಪಿ.ಕೆ. ಸೇಠಿ ಸೇರಿ 1968ರಲ್ಲಿ ರೂಪಿಸಿದ ಜೈಪುರ ಕಾಲು ಲೋಕಕ್ಕೆಲ್ಲ ಗೊತ್ತು. ಅದೇ ಜೈಪುರದ ಪಶುವೈದ್ಯ ಡಾ. ತಪೇಶ್ ಮಾಥುರ್ ಕಾಲು ಕಳೆದುಕೊಂಡ ದನಕರುಗಳಿಗೆ ಕೃತಕ ಕಾಲು ಮಾಡಿದ್ದಾರೆ. ದನ ಭಾರದ ಪ್ರಾಣಿ, ಅದಕ್ಕೆ ಮೂರು ಕಾಲಲ್ಲಿ ಬಾಳುವುದು ಬಲು ಕಷ್ಟ. ಹೆಚ್ಚಿನ ನಾಯಿಗಳಿಗೆ ಕೃತಕ ಕಾಲು ಬೇಕಾಗುವುದಿಲ್ಲ. ಕೆಲವೇ ವಾರಗಳಲ್ಲಿ ಕುಪ್ಪಳಿಸುತ್ತಾ ಓಡುತ್ತವೆ. ಅವುಗಳಿಗೆ ಬೇಕಾದದ್ದು ಮೈ ಬೆಳೆಯದ ಹಾಗೆ ಅಳತೆಯ ಊಟ, ಕತ್ತರಿಸಿದ ಉಗುರು, ನುಣುಪಾದ ಟೈಲ್ಸಿನ ಮೇಲೆ ಒಂದು ಗೋಣಿತಾಟು. ದಪ್ಪಗಾದ ಮೂರು ಕಾಲಿನ ನಾಯಿಗೆ ಬೇಗ ಕೀಲುನೋವು ಹಿಡಿಯುತ್ತದೆ.

ಎಲ್ಲ ನಾಯಿಗೂ ಇದು ದಾರಿಯಲ್ಲ ಎನ್ನುವುದನ್ನೂ ಹೇಳಬೇಕು. ತೀರಾ ಮುದಿಯಾದ, ಉಳಿದ ಕಾಲುಗಳೂ ಕೆಟ್ಟ ನಾಯಿಗೆ ನೋವಿಲ್ಲದ ಸಾವು ಕೊಡಿಸೋಣ ಎಂದು ವೈದ್ಯರು ಹೇಳಿದರೆ ಅದು ಪಾಪವಲ್ಲ. ಆಪರೇಷನ್ ಮಾಡಿಸಿ ಮೂರನೇ ದಿನ ಬೀದಿಗೆ ಬಿಡುವುದು ಅದಕ್ಕಿಂತ ಕ್ರೂರ.

ನಮ್ಮ ನಾಡಿನಲ್ಲಿ

ಭಾರತದಲ್ಲಿ ಪಶುವೈದ್ಯ ಕಾಲೇಜುಗಳು ಬ್ರಿಟಿಷರ ಕಾಲದಲ್ಲಿ ಬಂದವು. ಲಾಹೋರಿನಲ್ಲಿ 1882, ಮುಂಬಯಿಯಲ್ಲಿ 1886, ಮದ್ರಾಸಿನಲ್ಲಿ 1903. ಆಗಿನ ಚಿಂತೆ ಸೈನ್ಯದ ಕುದುರೆ, ಉಳುವ ಎತ್ತುಗಳದು. ನಾಯಿಯ ಸರದಿ ನಂತರ ಬಂತು. ಬೆಂಗಳೂರಿನ ಹೆಬ್ಬಾಳದಲ್ಲಿ 1958ರಲ್ಲಿ ಕಾಲೇಜು ಶುರುವಾಯಿತು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ 2004ರಲ್ಲಿ ಸ್ಥಾಪನೆಯಾಯಿತು. ಇಂದು 1962 ಸಂಖ್ಯೆಗೆ ಫೋನ್ ಮಾಡಿದರೆ ಪಶು ಚಿಕಿತ್ಸೆಯ ವಾಹನವನ್ನು ಕೇಳಬಹುದು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ, ಹಸಿವು ಬಾಯಾರಿಕೆಯಿಂದ ನರಳುವ ಹಾಗೆ ಪ್ರಾಣಿಯನ್ನು ಬಿಟ್ಟುಬಿಡುವುದು ಅಪರಾಧ.

ಒಂದು ಎಚ್ಚರಿಕೆ. ಗಾಯಗೊಂಡ ನಾಯಿ ಸಾಕಿದವರನ್ನೂ ಕಚ್ಚಬಹುದು. ಎತ್ತುವ ಮೊದಲು ಬಾಯಿಗೆ ಬಟ್ಟೆ ಕಟ್ಟಿ, ಉಸಿರಿಗೆ ಜಾಗವಿರಲಿ. ಕಚ್ಚಿದರೆ ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಹಾಕಿಸಿಕೊಳ್ಳಿ.

ದಾರ, ಅರಿವಳಿಕೆ, ಸೋಂಕಿನ ಔಷಧ ಮೂರೂ ಈಗ ತಾಲ್ಲೂಕು ಕೇಂದ್ರದವರೆಗೆ ಬಂದಿವೆ. ಅಲ್ಲಿಂದ ಮುಂದೆ ರಾತ್ರಿ ಎದ್ದು ನೋಡುವವರು, ಹೊತ್ತಿಗೆ ಮಾತ್ರೆ ಹಾಕುವವರು ಮನೆಯಲ್ಲಿ ಇರಬೇಕು. ಅದು ಒಬ್ಬರ ತಲೆಗೆ ಬೀಳದಂತೆ ಮನೆಯವರೆಲ್ಲ ಹಂಚಿಕೊಳ್ಳಿ. ಆಪರೇಷನ್ ಆದ ದಿನ, ಮಾತ್ರೆಯ ಹೊತ್ತು, ಹೊಲಿಗೆ ಬಿಚ್ಚುವ ದಿನ, ವೈದ್ಯರ ನಂಬರು, ಈ ನಾಲ್ಕನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ.