ಬೂಷ್ಟು ಹಿಡಿದ ದ್ರಾಕ್ಷಿಯೇ ಬಂಡವಾಳ: ಫ್ರಾನ್ಸಿನ ಶಾಟೊ ಡಿಕೆಮ್ ವೈನ್ ಕಥೆ

ದ್ರಾಕ್ಷಿ ಗೊಂಚಲಿಗೆ ಬೂಷ್ಟು ಹಿಡಿದರೆ ಬೆಳೆಗಾರ ತಲೆ ಮೇಲೆ ಕೈ ಹೊತ್ತು ಕೂರುತ್ತಾನೆ. ಆದರೆ ಫ್ರಾನ್ಸಿನ ಸೊಟರ್ನ್ ಎಂಬಲ್ಲಿರುವ ಶಾಟೊ ಡಿಕೆಮ್ ತೋಟದವರು ವರ್ಷವಿಡೀ ಕಾಯುವುದೇ ಈ ಬೂಷ್ಟಿಗಾಗಿ. ಜಗತ್ತಿನ ಅತ್ಯಂತ ಹೆಸರಾಂತ ಸಿಹಿ ವೈನ್ ತಯಾರಾಗುವುದು ಸುಕ್ಕುಗಟ್ಟಿದ, ನೋಡಿದರೆ ಬಾಯಿಗೆ ಹಾಕಿಕೊಳ್ಳಲು ಮನಸ್ಸಾಗದ ಹಣ್ಣಿನಿಂದ!

ಸೊಟರ್ನ್ ಇರುವುದು ಬೋರ್ಡೊ ನಗರದಿಂದ ಸುಮಾರು 40 ಕಿ.ಮೀ. ದೂರದಲ್ಲಿ. ಇಲ್ಲಿ ಸಿರೋನ್ ಎಂಬ ತಣ್ಣನೆಯ ಹೊಳೆ ಬೆಚ್ಚಗಿನ ಗರೋನ್ ನದಿಯನ್ನು ಸೇರುತ್ತದೆ. ಹಾಗಾಗಿ ಶರತ್ಕಾಲದ ಮುಂಜಾನೆ ದಟ್ಟ ಮಂಜು ಕವಿಯುತ್ತದೆ. ಆ ತೇವಕ್ಕೆ ಬೋಟ್ರೈಟಿಸ್ ಎಂಬ ಶಿಲೀಂಧ್ರ ಹಣ್ಣಿಗೆ ಹತ್ತಿಕೊಂಡು ಸಿಪ್ಪೆಯನ್ನು ತೂತು ಮಾಡುತ್ತದೆ. ಮಧ್ಯಾಹ್ನದ ಬಿಸಿಲಿಗೆ ಹಣ್ಣಿನೊಳಗಿನ ನೀರು ಆರಿ, ಸಕ್ಕರೆ, ಹುಳಿ, ಪರಿಮಳ ಎಲ್ಲವೂ ಗಟ್ಟಿಯಾಗುತ್ತವೆ. ಬಿಸಿಲು ಬಾರದೆ ಮಳೆ ಹಿಡಿದರೆ ಮಾತ್ರ ಅದೇ ಶಿಲೀಂಧ್ರ ಬೆಳೆಯನ್ನೇ ತಿಂದುಹಾಕುತ್ತದೆ.

ಎಲ್ಲ ಹಣ್ಣಿಗೂ ಒಂದೇ ದಿನ ಬೂಷ್ಟು ಹಿಡಿಯುವುದಿಲ್ಲವಲ್ಲ. ಹೀಗಾಗಿ ಕೊಯ್ಲಿನವರು ಅದೇ ಸಾಲುಗಳಲ್ಲಿ ಐದಾರು ಬಾರಿ ಸುತ್ತಾಡಿ, ಹದಕ್ಕೆ ಬಂದದ್ದನ್ನಷ್ಟೇ ಕೈಯಿಂದ ಬಿಡಿಸುತ್ತಾರೆ. ಇಷ್ಟೆಲ್ಲ ಮಾಡಿದರೂ ಒಂದು ಬಳ್ಳಿಯಿಂದ ಸಿಗುವುದು ಒಂದೇ ಗ್ಲಾಸ್ ವೈನ್. ನಂತರ ಅದು ಓಕ್ ಮರದ ಪೀಪಾಯಿಗಳಲ್ಲಿ ಎರಡು ವರ್ಷದ ಆಸುಪಾಸು ಮಾಗಬೇಕು. ಬೆಲೆ ಏಕೆ ಅಷ್ಟು ಎಂಬ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ.

ಇನ್ನರ್ಧ ಇತಿಹಾಸದ್ದು. 1593ರಿಂದ ಈ ತೋಟ ಸೊವಾಜ್ ಕುಟುಂಬದ ಕೈಯಲ್ಲಿತ್ತು. 1785ರಲ್ಲಿ ಆ ಮನೆಯ ಮಗಳು ಜೋಸೆಫೀನ್ ಲೂರ್ ಸಲ್ಯೂಸ್ ಮನೆತನದ ಸೊಸೆಯಾದಳು. ಮೂರೇ ವರ್ಷಕ್ಕೆ ಗಂಡ ತೀರಿಕೊಂಡ. ಫ್ರೆಂಚ್ ಕ್ರಾಂತಿಯ ವೇಳೆ ಜೈಲಿಗೂ ಹೋಗಿಬಂದ ಆಕೆ ತೋಟವನ್ನು ಮಾತ್ರ ಬಿಟ್ಟುಕೊಡಲಿಲ್ಲ. ಡಿಕೆಮ್‌ಗೆ ಇಂದಿರುವ ಹೆಸರಿನಲ್ಲಿ ಆಕೆಯ ಪಾಲು ದೊಡ್ಡದು. ಮುಂದೆ ಅಮೆರಿಕದ ಅಧ್ಯಕ್ಷರಾದ ಥಾಮಸ್ ಜೆಫರ್ಸನ್ ಕೂಡ ಇದರ ಗಿರಾಕಿಯೇ. 1790ರಲ್ಲಿ ಜಾರ್ಜ್ ವಾಷಿಂಗ್ಟನ್ ಅವರಿಗೂ ಸೇರಿಸಿ ಆರ್ಡರ್ ಕೊಟ್ಟಿದ್ದರು. 1855ರಲ್ಲಿ ಬೋರ್ಡೊ ವೈನ್‌ಗಳಿಗೆ ದರ್ಜೆ ನಿಗದಿಯಾದಾಗ, ಸಿಹಿ ವೈನ್‌ಗಳ ಪೈಕಿ ಎಲ್ಲಕ್ಕಿಂತ ಮೇಲಿನ ಪ್ರತ್ಯೇಕ ದರ್ಜೆ ಸಿಕ್ಕಿದ್ದು ಇದೊಂದಕ್ಕೇ. ಕುಟುಂಬದೊಳಗಿನ ಜಗಳದ ನಡುವೆ 1990ರ ದಶಕದ ಕೊನೆಗೆ ತೋಟ ಎಲ್‌ವಿಎಂಎಚ್ ಕಂಪನಿಯ ಹಿಡಿತಕ್ಕೆ ಬಂತು.

1811ರ ಒಂದು ಬಾಟಲಿ 2011ರಲ್ಲಿ ಲಂಡನ್‌ನಲ್ಲಿ 75 ಸಾವಿರ ಪೌಂಡ್‌ಗೆ ಮಾರಾಟವಾಗಿ, ಬಿಳಿ ವೈನ್‌ಗಳ ಮಟ್ಟಿಗೆ ಅಂದಿಗೆ ದಾಖಲೆ ಬರೆಯಿತು.

ಇಷ್ಟು ಬೇಡಿಕೆಯಿದ್ದರೂ ಎಲ್ಲ ವರ್ಷವೂ ಡಿಕೆಮ್ ಸಿಗುವುದಿಲ್ಲ. ಹಣ್ಣು ಮನಸ್ಸಿಗೆ ಬಾರದಿದ್ದರೆ ಆ ವರ್ಷದ ವೈನ್‌ಗೆ ತೋಟದ ಹೆಸರನ್ನೇ ಹಾಕುವುದಿಲ್ಲ. 20ನೇ ಶತಮಾನದಲ್ಲಿ 1910, 1930, 1964, 1972, 1992 ಸೇರಿ ಒಂಬತ್ತು ವರ್ಷ ಹೀಗಾಗಿದೆ. 1951 ಮತ್ತು 1952ರಲ್ಲಂತೂ ಸತತ ಎರಡು ವರ್ಷ ಡಿಕೆಮ್ ಇರಲಿಲ್ಲ. 2012ರಲ್ಲೂ ಹವಾಮಾನ ಕೈಕೊಟ್ಟಿತು. ಕೊಯ್ಲು ಮುಗಿಸಿ, ರುಚಿ ನೋಡಿದ ಮೇಲೆ ಈ ಬಾರಿ ಡಿಕೆಮ್ ಇಲ್ಲ ಎಂದು ಡಿಸೆಂಬರ್‌ನಲ್ಲಿ ಸಂಸ್ಥೆ ಘೋಷಿಸಿತು. ಆ ವರ್ಷದ ಲೇಬಲ್ ಇರುವ ಬಾಟಲಿ ಎಲ್ಲೂ ಇಲ್ಲ.