ಭಟ್ಟಿಯಿಲ್ಲದ ಮನೆಗಳ ರೊಟ್ಟಿ

2022ರ ಬೇಸಿಗೆಯಲ್ಲಿ ಇಟಲಿಯ ಡಾಮಿನೋಸ್ ಅಂಗಡಿಗಳು ಬಾಗಿಲು ಹಾಕಿಕೊಂಡವು. 2015ರಲ್ಲಿ ಮಿಲಾನ್ ನಗರದಲ್ಲಿ ಮೊದಲ ಅಂಗಡಿ ತೆರೆದವರ ಲೆಕ್ಕಾಚಾರ ದೊಡ್ಡದಿತ್ತು: ದೇಶದ ತುಂಬ 880 ಅಂಗಡಿಗಳು. ಕೊನೆಗೆ ಉಳಿದದ್ದು 29. ಬಿಸಿ ಪಿಜ್ಜಾವನ್ನು ಮನೆಬಾಗಿಲಿಗೆ ಮುಟ್ಟಿಸುವುದೇ ಅವರ ಬಂಡವಾಳವಾಗಿತ್ತು. ಕೋವಿಡ್ ಬಂದದ್ದೇ ತಡ, ಗಲ್ಲಿಗಲ್ಲಿಯ ಪಿಜ್ಜೇರಿಯಾಗಳೂ ಡೆಲಿವರಿ ಆ್ಯಪ್‌ಗಳನ್ನು ಸೇರಿ ಅದೇ ಕೆಲಸಕ್ಕಿಳಿದವು. ಪರಿಚಿತ ಕೈ ತಟ್ಟಿದ ಪಿಜ್ಜಾ ಮನೆಗೇ ಬರತೊಡಗಿದ ಮೇಲೆ, ಅನಾನಸ್ ಹೋಳು ಹರಡಿದ ಅಮೆರಿಕದ ಪಿಜ್ಜಾಕ್ಕೆ ಗಿರಾಕಿಗಳು ಸಿಗಲಿಲ್ಲ.

ಇಂಥದೇ ಸೋಲಿನ ಕಥೆಯೊಂದನ್ನು ಪತ್ರಕರ್ತೆ ಮಟಿಲ್ಡೆ ಸೆರಾವೊ 1884ರಲ್ಲೇ ಬರೆದಿದ್ದರು. ಕಾಲರಾ ಹಾವಳಿಗೆ ತುತ್ತಾದ ನೇಪಲ್ಸ್ ನಗರದ ಬಡವರ ಬದುಕನ್ನು ಕುರಿತ ಅವರ ‘ಇಲ್ ವೆಂತ್ರೆ ದಿ ನಾಪೊಲಿ’ ಪುಸ್ತಕದಲ್ಲಿ ರೋಮಿಗೆ ಹೋದ ನೇಪಲ್ಸಿನ ವ್ಯಾಪಾರಿಯೊಬ್ಬ ಬರುತ್ತಾನೆ. ರಾಜಧಾನಿಯಲ್ಲಿ ತನ್ನೂರಿನವರು ಬೇಕಾದಷ್ಟಿದ್ದಾರೆಂದು ನಂಬಿ ಅವನು ಅಲ್ಲೊಂದು ಪಿಜ್ಜಾ ಅಂಗಡಿ ತೆರೆಯುತ್ತಾನೆ. ಮೊದಮೊದಲು ಜನ ಮುಗಿಬೀಳುತ್ತಾರೆ, ಬರುಬರುತ್ತಾ ಕರಗುತ್ತಾರೆ, ಅಂಗಡಿ ಮುಚ್ಚುತ್ತದೆ. ತನ್ನ ಬೀದಿ ಬಿಟ್ಟು ಹೋದ ಪಿಜ್ಜಾ ರುಚಿಸಲಿಲ್ಲ ಎಂಬುದು ಸೆರಾವೊ ಕಂಡ ಕಾರಣ. ಚೈನ್ ಅಂಗಡಿಯ ಪಿಜ್ಜಾ ಮೇಲೋ, ಊರಿನ ಪಿಜ್ಜಾ ಮೇಲೋ, ಮನೆಯದೇ ಮೇಲೋ ಎಂದು ಇಂದು ನಡೆಯುವ ವಾದಕ್ಕೆ ಹೀಗೆ ಹಳೆಯ ಬೇರುಗಳಿವೆ.

ಈ ವಾದದಲ್ಲಿ ಮನೆಯ ಪಿಜ್ಜಾವೇ ಎಲ್ಲಕ್ಕಿಂತ ಹಳೆಯದು, ಅಸಲಿ ಎಂದು ಅನೇಕರು ತಿಳಿದಿದ್ದಾರೆ. ಚರಿತ್ರೆ ಹೇಳುವುದು ಬೇರೆ.

ಪಿಜ್ಜಾ ಎಂಬ ಶಬ್ದ ಹಳೆಯದೇ. ನೇಪಲ್ಸಿಗೆ ದೂರವಲ್ಲದ ಗಾಯೆತಾ ಎಂಬ ಊರಿನ 997ನೇ ಇಸವಿಯ ಲ್ಯಾಟಿನ್ ದಾಖಲೆಯಲ್ಲಿ ಅದು ಸಿಗುತ್ತದೆ. ಟೊಮೆಟೊ ಇನ್ನೂ ಯುರೋಪಿಗೆ ಬಂದಿರದ ಕಾಲವದು. ಈಗ ನಾವು ತಿನ್ನುವ ಪಿಜ್ಜಾದ ಪೂರ್ವಜ ರೂಪುಗೊಂಡದ್ದು 18 ಮತ್ತು 19ನೇ ಶತಮಾನದ ನೇಪಲ್ಸಿನ ಇಕ್ಕಟ್ಟು ಬೀದಿಗಳಲ್ಲಿ. ಅಲ್ಲಿನ ಬಡವರು ವಾಸಿಸುತ್ತಿದ್ದದ್ದು ಬೀದಿಗೇ ಬಾಗಿಲು ತೆರೆಯುವ, ನೆಲಮಟ್ಟದ ಒಂದೇ ಕೋಣೆಯ ಮನೆಗಳಲ್ಲಿ. ಇವಕ್ಕೆ ಬಾಸ್ಸೊ ಎಂದು ಹೆಸರು. ಮಂಚ, ಮಕ್ಕಳು, ಮುದುಕರು ಎಲ್ಲರಿಗೂ ಅದೊಂದೇ ಕೋಣೆ; ರೊಟ್ಟಿ ಸುಡುವ ಭಟ್ಟಿಗೆ ಜಾಗವೆಲ್ಲಿಂದ ಬರಬೇಕು? ಪಿಜ್ಜಾ ಹುಟ್ಟಿದ್ದು ಆ ಕೊರತೆಯಿಂದ. ಅದು ಮೊದಲಿನಿಂದಲೂ ಕೊಂಡು ತಿನ್ನುವ ತಿಂಡಿ, ಭಟ್ಟಿಯಿಲ್ಲದ ಮನೆಗಳ ರೊಟ್ಟಿ.

ಫ್ರೆಂಚ್ ಕಾದಂಬರಿಕಾರ ಅಲೆಕ್ಸಾಂಡರ್ ಡ್ಯೂಮಾ 1830ರ ದಶಕದಲ್ಲಿ ನೇಪಲ್ಸಿಗೆ ಬಂದಾಗ ಈ ವ್ಯಾಪಾರವನ್ನು ಕಣ್ಣಿಟ್ಟು ನೋಡಿದ್ದ. ಎಣ್ಣೆ, ಹಂದಿಕೊಬ್ಬು, ಗಿಣ್ಣು, ಟೊಮೆಟೊ, ಸಣ್ಣ ಮೀನು, ಯಾವುದನ್ನು ಮೇಲೆ ಹರಡಿದರೆ ಅದರ ಪಿಜ್ಜಾ. ಪಿಜ್ಜಾದ ಬೆಲೆ ನೋಡಿಯೇ ಪೇಟೆಯ ಧಾರಣೆ ಹೇಳಬಹುದೆಂದು ಅವನು ಬರೆದ: ಮೀನಿನ ಪಿಜ್ಜಾ ಅಗ್ಗವಾದರೆ ಬಲೆ ತುಂಬಿದೆ ಎಂದರ್ಥ. ಒಂದು ಸಂಗತಿಯನ್ನು ಮಾತ್ರ ಅವನು ತಪ್ಪಾಗಿ ತಿಳಿದ. ‘ಆ ಒತ್ತೊ’ ಪಿಜ್ಜಾ ಎಂದರೆ ಎಂಟು ದಿನ ಹಳಸಿದ್ದು ಎಂದುಕೊಂಡ. ನಿಜಕ್ಕೂ ಅದು ಇಂದು ತಿಂದು ಎಂಟು ದಿನದ ಮೇಲೆ ದುಡ್ಡು ಕೊಡುವ ಉದ್ರಿ ವ್ಯವಹಾರ. ಆ ಉದ್ರಿ ಎಷ್ಟು ಗಟ್ಟಿಯಾಗಿತ್ತೆಂದರೆ, ನೂರು ವರ್ಷಗಳ ಮೇಲೆ 1954ರ ‘ಲೋರೊ ದಿ ನಾಪೊಲಿ’ ಚಿತ್ರದಲ್ಲಿ ಪಿಜ್ಜಾ ಮಾರುವ ಸೋಫಿಯಾ ಲಾರೆನ್ ಕೂಡ ಇದೇ ಲೆಕ್ಕದಲ್ಲಿ ವ್ಯಾಪಾರ ಮಾಡುತ್ತಾಳೆ. ಊರಿನ ಅಂಗಡಿ ಎಂಬುದರ ತಿರುಳು ಇಲ್ಲಿದೆ: ಮಾರುವವನಿಗೆ ಕೊಳ್ಳುವವನ ಮುಖ ಗೊತ್ತಿತ್ತು, ಸಂಬಳದ ದಿನವೂ ಗೊತ್ತಿತ್ತು.

ಹೊರಗಿನವರಿಗೆ ಮಾತ್ರ ಅದು ಹಿಡಿಸಲಿಲ್ಲ. ಮುಂದೆ ಟೆಲಿಗ್ರಾಫ್‌ನಿಂದ ಹೆಸರಾದ ಸ್ಯಾಮುಯೆಲ್ ಮೋರ್ಸ್ 1831ರಲ್ಲಿ ಪಿಜ್ಜಾ ಕಂಡು ಅಸಹ್ಯಪಟ್ಟುಕೊಂಡ. ಪಿನೋಕಿಯೋ ಕಥೆ ಬರೆದ ಕೊಲೋದಿಗೂ ಅದರ ಕರಿಕಲು ಬಣ್ಣ ಕೊಳಕಾಗಿಯೇ ಕಂಡಿತು. 1889ರಲ್ಲಿ ರಫಾಯೆಲೆ ಎಸ್ಪೊಸಿತೊ ಎಂಬಾತ ರಾಣಿ ಮಾರ್ಗರಿತಾಗೆ ಕೆಂಪು, ಬಿಳಿ, ಹಸಿರು ಬಣ್ಣಗಳ ಪಿಜ್ಜಾ ಬಡಿಸಿದ, ಅದಕ್ಕೇ ಮಾರ್ಗರಿಟಾ ಎಂಬ ಹೆಸರು ಬಂತು ಎಂಬ ಕಥೆ ಜಗತ್ತಿಗೆಲ್ಲ ಗೊತ್ತು. ಸಾಕ್ಷಿಯೆಂದು ತೋರಿಸುವ ಅರಮನೆಯ ಪತ್ರವನ್ನೇ ಇತಿಹಾಸಕಾರರು ಶಂಕಿಸಿದ್ದಾರೆ.

ವಲಸೆ ಹೋದ ದಕ್ಷಿಣ ಇಟಲಿಯವರು ಪಿಜ್ಜಾವನ್ನು ನ್ಯೂಯಾರ್ಕಿಗೆ ಒಯ್ದರು. ಅಲ್ಲಿನ ಸ್ಪ್ರಿಂಗ್ ಸ್ಟ್ರೀಟಿನ ಲೊಂಬಾರ್ಡೀಸ್ ಅಂಗಡಿ 1905ನೇ ಇಸವಿಯನ್ನು ತನ್ನ ಹುಟ್ಟುವರ್ಷವಾಗಿ ಹೇಳಿಕೊಳ್ಳುತ್ತದೆ. 1924ರಲ್ಲಿ ಕೋನಿ ಐಲೆಂಡಿನ ಟೊಟೊನೋಸ್, 1925ರಲ್ಲಿ ನ್ಯೂ ಹೇವನ್ನಿನ ಫ್ರಾಂಕ್ ಪೆಪೆ ಬಂದವು. ಕಟ್ಟಿಗೆಯ ಜಾಗದಲ್ಲಿ ಕಲ್ಲಿದ್ದಲು ಉರಿಯಿತು, ಪಿಜ್ಜಾದ ಅಗಲ ಹಿಗ್ಗಿತು. ಆದರೂ ಭಟ್ಟಿಯ ಯಾವ ಮೂಲೆ ಹೆಚ್ಚು ಕಾದಿದೆ, ಎಷ್ಟು ಹೊತ್ತಿಗೆ ತಿರುಗಿಸಬೇಕು ಎಂದು ಬಲ್ಲ ಕೈಯೇ ರುಚಿಯ ಯಜಮಾನನಾಗಿತ್ತು. ಮಸಾಲೆ ದೋಸೆಗೆ ವಿದ್ಯಾರ್ಥಿ ಭವನವೋ ಸಿಟಿಆರೋ ಎಂದು ಜಗಳಕ್ಕೆ ನಿಲ್ಲುವ ಬೆಂಗಳೂರಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಚೈನ್ ಅಂಗಡಿಗಳೂ ಹುಟ್ಟಿದ್ದು ಊರಿನ ಅಂಗಡಿಗಳಾಗಿಯೇ. 1958ರಲ್ಲಿ ಕ್ಯಾನ್ಸಾಸ್ ರಾಜ್ಯದ ವಿಚಿಟಾದಲ್ಲಿ ಡ್ಯಾನ್ ಮತ್ತು ಫ್ರಾಂಕ್ ಕಾರ್ನಿ ಎಂಬ ಸಹೋದರರು ತಾಯಿಯಿಂದ 600 ಡಾಲರ್ ಸಾಲ ತಂದು ಪುಟ್ಟ ಕಟ್ಟಡವೊಂದರಲ್ಲಿ ಪಿಜ್ಜಾ ಮಾಡತೊಡಗಿದರು. ನಾಮಫಲಕದಲ್ಲಿ ‘ಪಿಜ್ಜಾ’ ಎಂದು ಇಂಗ್ಲಿಷಿನಲ್ಲಿ ಬರೆದ ಮೇಲೆ ಮೂರು ಅಕ್ಷರಕ್ಕಷ್ಟೇ ಜಾಗ ಉಳಿದಿತ್ತು. ಕಟ್ಟಡವೂ ಗುಡಿಸಲಿನಂತಿದ್ದುದರಿಂದ ‘ಹಟ್’ ಸೇರಿತು. 1960ರಲ್ಲಿ ಮಿಶಿಗನ್ನಿನ ಇಪ್ಸಿಲ್ಯಾಂಟಿಯಲ್ಲಿ ಟಾಮ್ ಮತ್ತು ಜೇಮ್ಸ್ ಮೊನಾಗನ್ ಎಂಬ ಇನ್ನಿಬ್ಬರು ಸಹೋದರರು ‘ಡಾಮಿನಿಕ್ಸ್’ ಎಂಬ ಅಂಗಡಿಯನ್ನು ಕೊಂಡರು. ಕೆಲವೇ ತಿಂಗಳಲ್ಲಿ ಜೇಮ್ಸ್ ತನ್ನ ಪಾಲನ್ನು ಒಂದು ಫೋಕ್ಸ್‌ವ್ಯಾಗನ್ ಬೀಟಲ್ ಕಾರಿಗೆ ಬಿಟ್ಟುಕೊಟ್ಟ. 1965ರಲ್ಲಿ ಅಂಗಡಿಯ ಹೆಸರು ಡಾಮಿನೋಸ್ ಆಯಿತು.

ಇವರು ಬದಲಿಸಿದ್ದು ರುಚಿಗಿಂತ ಹೆಚ್ಚಾಗಿ ಕೆಲಸದ ಕ್ರಮವನ್ನು. ಹಿಟ್ಟು ಒಂದೆಡೆ ನಾದಿ, ಉಂಡೆಯಾಗಿ ಅಂಗಡಿಗಳಿಗೆ ಹೊರಟಿತು. ಹೊತ್ತೊಯ್ಯುವ ಪಿಜ್ಜಾ ಮೆತ್ತಗಾಗದಂತೆ, ಒಂದರ ಮೇಲೊಂದು ಪೇರಿಸಿದರೂ ಕುಸಿಯದಂತೆ ಗಟ್ಟಿ ರಟ್ಟಿನ ಪೆಟ್ಟಿಗೆ ಬಂತು. ಮುಂದೆ ಸರಪಳಿಯ ಮೇಲೆ ಪಿಜ್ಜಾ ಸಾಗಿಸುತ್ತಲೇ ಬೇಯಿಸುವ ಓವನ್ ಬಂದಾಗ, ಬೆಂಕಿಯನ್ನು ನೋಡುತ್ತ ನಿಲ್ಲುವ ಮನುಷ್ಯನೇ ಬೇಡವಾದ. ನಿನ್ನೆ ಸೇರಿದ ಹುಡುಗನೂ ಇಂದು ಅದೇ ಪಿಜ್ಜಾ ಮಾಡಬಲ್ಲ. ಗಿರಾಕಿಗೂ ಅದರಿಂದ ಲಾಭವಿತ್ತು: ಯಾವ ಊರಿಗೆ ಹೋದರೂ ಗೊತ್ತಿರುವ ರುಚಿ, ಗೊತ್ತಿರುವ ಬೆಲೆ, ಮೋಸವಿಲ್ಲ. ಹೊಸ ಬಡಾವಣೆಗಳಲ್ಲಿ, ದುಡಿದು ದಣಿದ ಮನೆಗಳಲ್ಲಿ ಈ ಭರವಸೆ ದೊಡ್ಡದು. ಆದರೆ ಅದಕ್ಕೆ ತೆತ್ತ ಬೆಲೆಯೂ ಇತ್ತು. 30 ನಿಮಿಷದೊಳಗೆ ತಲುಪಿಸುವ ಡಾಮಿನೋಸ್ ವಚನ ಅಮೆರಿಕದಲ್ಲಿ 1993ರಲ್ಲಿ ಕೊನೆಗೊಂಡದ್ದು ನ್ಯಾಯಾಲಯದ ದೆಸೆಯಿಂದ. ಡೆಲಿವರಿ ವಾಹನ ಗುದ್ದಿ ಗಾಯಗೊಂಡ ಮಹಿಳೆಗೆ ಸೇಂಟ್ ಲೂಯಿಸ್ ನಗರದ ಜ್ಯೂರಿ 7.8 ಕೋಟಿ ಡಾಲರ್‌ಗೂ ಮಿಕ್ಕಿ ಪರಿಹಾರ ವಿಧಿಸಿತ್ತು.

ಪಿಜ್ಜಾ ಮನೆಯೊಳಗೆ ಕಾಲಿಟ್ಟದ್ದೂ ಹೆಚ್ಚುಕಡಿಮೆ ಚೈನ್ ಅಂಗಡಿಗಳು ಹುಟ್ಟಿದ ಕಾಲದಲ್ಲೇ. ಮಿನಿಯಾಪೊಲಿಸ್ ನಗರದಲ್ಲಿ 1951ರಲ್ಲಿ ಅಂಗಡಿ ಹಾಕಲು ರೋಸ್ ಟೊಟಿನೊ ದಂಪತಿ ಸಾಲ ಕೇಳಿದಾಗ ಬ್ಯಾಂಕಿನವರಿಗೆ ಪಿಜ್ಜಾ ಎಂದರೇನೆಂದು ಗೊತ್ತಿರಲಿಲ್ಲ. ರೋಸ್ ಒಂದನ್ನು ಬೇಯಿಸಿಕೊಂಡು ಹೋಗಿ ತಿನ್ನಿಸಬೇಕಾಯಿತು. 1962ರಲ್ಲಿ ಅವರು ಹಿಮಗಟ್ಟಿಸಿದ ಪಿಜ್ಜಾ ಮಾರತೊಡಗಿದರು. 1975ರಲ್ಲಿ ಪಿಲ್ಸ್‌ಬರಿ ಕಂಪನಿ ಆ ಉದ್ಯಮವನ್ನು ಸುಮಾರು 2 ಕೋಟಿ ಡಾಲರ್ ಕೊಟ್ಟು ಕೊಂಡಿತು. ಅಮೆರಿಕದ ಮನೆಗಳಲ್ಲಿ ಆಗಲೇ ಓವನ್ ಇದ್ದದ್ದೇ ಇದಕ್ಕೆಲ್ಲ ಅನುಕೂಲವಾಯಿತು.

ನೇಪಲ್ಸ್ ಸುಮ್ಮನೆ ಕೂರಲಿಲ್ಲ. 1984ರಲ್ಲಿ ಅಲ್ಲಿನ ಪಿಜ್ಜಾ ಕಸುಬಿನವರು ಸಂಘ ಕಟ್ಟಿ ನಿಯಮ ಬರೆದರು. 2010ರಲ್ಲಿ ಐರೋಪ್ಯ ಒಕ್ಕೂಟವೂ ನೇಪಲ್ಸಿನ ಪಿಜ್ಜಾಕ್ಕೆ ಸಾಂಪ್ರದಾಯಿಕ ತಿನಿಸಿನ ಮನ್ನಣೆ ಕೊಟ್ಟಿತು: ಅಗಲ 35 ಸೆಂಟಿಮೀಟರ್ ಮೀರಬಾರದು, ಕಟ್ಟಿಗೆ ಭಟ್ಟಿಯ ನೆಲ ಸುಮಾರು 485 ಡಿಗ್ರಿ ಸೆಲ್ಸಿಯಸ್ ಕಾದಿರಬೇಕು, ಬೇಯುವ ಹೊತ್ತು 60ರಿಂದ 90 ಸೆಕೆಂಡು. ಹಿಟ್ಟನ್ನು ಲಟ್ಟಣಿಗೆಯಿಂದ ಒರೆಯದೆ ಕೈಯಲ್ಲೇ ತಟ್ಟಬೇಕು. 2017ರಲ್ಲಿ ಯುನೆಸ್ಕೊ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡದ್ದು ಪಿಜ್ಜಾವನ್ನಲ್ಲ, ಪಿಜ್ಜಾ ಮಾಡುವವನ ಕೈಚಳಕವನ್ನು. ಆ ಆಯ್ಕೆ ಸರಿಯಾದದ್ದು. ಚೈನ್ ಅಂಗಡಿಗಳು ಬೇಡವೆಂದು ಬಿಟ್ಟದ್ದು ಅದನ್ನೇ.

ಬೆಂಗಳೂರಿಗೆ ಪಿಜ್ಜಾ ಚೈನ್ ಬಂದದ್ದು ಬಿಸಿಯ ವರ್ಷವೊಂದರಲ್ಲಿ. 1996ರ ಜನವರಿ 30ರಂದು ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ನೇತೃತ್ವದ ರೈತ ಸಂಘದ ಕಾರ್ಯಕರ್ತರು ಇಲ್ಲಿನ ಕೆಎಫ್‌ಸಿ ಅಂಗಡಿಗೆ ನುಗ್ಗಿದ್ದರು. ಅದೇ ತಿಂಗಳು ದೆಹಲಿಯಲ್ಲಿ ಡಾಮಿನೋಸ್ ಭಾರತದ ಮೊದಲ ಅಂಗಡಿ ತೆರೆಯಿತು. ಜೂನ್‌ನಲ್ಲಿ ಪಿಜ್ಜಾ ಹಟ್ ದೇಶದ ತನ್ನ ಮೊದಲ ಮಳಿಗೆಗೆ ಬೆಂಗಳೂರನ್ನೇ ಆರಿಸಿಕೊಂಡಿತು. ಇಂದು ಅಮೆರಿಕ ಬಿಟ್ಟರೆ ಡಾಮಿನೋಸ್ ಅಂಗಡಿಗಳು ಹೆಚ್ಚಿರುವುದು ಭಾರತದಲ್ಲೇ.

ಇಲ್ಲಿ ಊರಿನ ಪಿಜ್ಜಾ ಎಂದರೆ ಬೇಕರಿಯದು. 1898ರಲ್ಲಿ ಚಿಕ್ಕಪೇಟೆಯಲ್ಲಿ ಆರಂಭವಾದ ಅಯ್ಯಂಗಾರ್ ಬೇಕರಿಗಳ ಪರಂಪರೆ ಖಾರದ ಬನ್ನಿಗೆ ಕೊಟ್ಟಂತೆ ಪಿಜ್ಜಾಕ್ಕೂ ತನ್ನದೇ ರೂಪ ಕೊಟ್ಟಿತು. ಅಂಗೈಯಗಲದ ಮೆತ್ತನೆಯ ಬನ್ನು, ಮೇಲೆ ಈರುಳ್ಳಿ, ಕ್ಯಾರೆಟ್, ದೊಣ್ಣೆ ಮೆಣಸಿನಕಾಯಿ, ಸಿಹಿಹುಳಿ ಸಾಸ್. ನೇಪಲ್ಸಿನವರು ಅದನ್ನು ಪಿಜ್ಜಾ ಎನ್ನಲಾರರು. ಆದರೂ ಸಂಜೆ ಶಾಲೆ ಬಿಟ್ಟ ಮಕ್ಕಳ ಕೈಗೆಟುಕಿದ್ದು ಅದೇ.

ಮನೆಯ ಪಿಜ್ಜಾದ ಕಥೆ ಮತ್ತೆ ಬಾಸ್ಸೊ ಮನೆಗಳ ನೆನಪು ತರುತ್ತದೆ. ಕರ್ನಾಟಕದ ಬಹುಪಾಲು ಅಡುಗೆಮನೆಗಳಲ್ಲಿ ಎರಡು ಬರ್ನರಿನ ಗ್ಯಾಸ್ ಒಲೆಯುಂಟು, ಓವನ್ ಇಲ್ಲ. ಗೃಹಿಣಿಯರು ಅದಕ್ಕೂ ದಾರಿ ಹುಡುಕಿದ್ದಾರೆ. ಬೇಕರಿಯಿಂದ ಪಿಜ್ಜಾ ಬೇಸ್ ತಂದು, ಇಲ್ಲವೇ ಹಿಟ್ಟು ಹುದುಗಿಸಿ ತಟ್ಟಿ, ದೋಸೆ ಕಾವಲಿಗೆ ಬೆಣ್ಣೆ ಸವರಿ ಮೊದಲು ಒಂದು ಮಗ್ಗುಲು ಬೇಯಿಸುತ್ತಾರೆ. ತಿರುವಿ ಹಾಕಿ, ಬೆಂದ ಮಗ್ಗುಲಿನ ಮೇಲೆ ಸಾಸ್ ಬಳಿದು, ತರಕಾರಿ ಹರಡಿ, ಚೀಸ್ ತುರಿದು, ಮುಚ್ಚಳ ಮುಚ್ಚಿ ಉರಿ ಸಣ್ಣ ಮಾಡುತ್ತಾರೆ. ಮುಚ್ಚಳದಡಿ ಚೀಸ್ ಕರಗುವ ತನಕ ಮಕ್ಕಳು ತಟ್ಟೆ ಹಿಡಿದು ಒಲೆಯ ಬಳಿಯೇ ನಿಂತಿರುತ್ತಾರೆ.